ವೈಮ್ಯಾಕ್ಸಿನ ಷೇರು: ಒಂದು ಲೆಕ್ಕದ ಪಾಠ

ಹೊಸ ಯಂತ್ರ ಬಂದಿದೆ, ಅದರ ಕಂಪೆನಿಯ ಷೇರು ಕೊಂಡರೆ ಲಾಭ ಖಂಡಿತ ಎಂಬ ಮಾತು ಈಗ ಮೊಬೈಲಿನ ಮೂಲಕ ನಮ್ಮ ಹಳ್ಳಿಮನೆಗಳಿಗೂ ಬರುತ್ತಿದೆ. ಆ ಮಾತನ್ನು ತೂಗಿ ನೋಡಲು ವಿದ್ಯಾರ್ಥಿಗಳಿಗೂ ಪೋಷಕರಿಗೂ ಅನುಕೂಲವಾಗಲೆಂದು ಅಮೆರಿಕದಲ್ಲಿ ನಡೆದ ವೈಮ್ಯಾಕ್ಸಿನ ಕಥೆಯನ್ನು ಪರಿಶೀಲಿಸೋಣ.

ವೈಮ್ಯಾಕ್ಸ್ ಎಂದರೆ ಗೋಪುರದಿಂದ ಹೊರಟ ರೇಡಿಯೋ ಅಲೆಗಳ ಮೂಲಕ, ತಂತಿಯಿಲ್ಲದೆ, ಊರಗಲಕ್ಕೂ ವೇಗದ ಅಂತರ್ಜಾಲ ಒದಗಿಸುವ ಪದ್ಧತಿ. ಅಲ್ಲಿ ಇದನ್ನು ಹರಡಲು ಹೊರಟ ಮುಖ್ಯ ಕಂಪೆನಿ ಕ್ಲಿಯರ್‌ವೈರ್. ಚಿಪ್ ತಯಾರಿಸುವ ಇಂಟೆಲ್ 2006ರಲ್ಲಿ ಇದರಲ್ಲಿ 60 ಕೋಟಿ ಡಾಲರ್ ತೊಡಗಿಸಿತು. 2008ರಲ್ಲಿ ಇಂಟೆಲ್, ಗೂಗಲ್ ಮೊದಲಾದವು ಕೂಡಿ 320 ಕೋಟಿ ಡಾಲರ್ ಹಾಕಿದವು. ಇಷ್ಟು ದೊಡ್ಡವರೇ ಹಣ ಹಾಕಿದ ಮೇಲೆ ನಮಗೇನು ಭಯ ಎಂದು ಸಣ್ಣವರಿಗೆ ತೋರುವುದು ಸಹಜವೇ.

2007ರ ಮಾರ್ಚ್ ತಿಂಗಳಲ್ಲಿ ಕ್ಲಿಯರ್‌ವೈರ್ ಷೇರು ತಲಾ 25 ಡಾಲರಿನಂತೆ ಸಾರ್ವಜನಿಕರಿಗೆ ಮಾರಾಟವಾಯಿತು. 2013ರಲ್ಲಿ ಸ್ಪ್ರಿಂಟ್ ಕಂಪೆನಿ ಉಳಿದವರ ಷೇರುಗಳನ್ನು ಕೊಂಡದ್ದು 5 ಡಾಲರಿಗೆ. 1,000 ಡಾಲರ್ ಕೊಟ್ಟು 40 ಷೇರು ಕೊಂಡು, ಕೊನೆಯವರೆಗೂ ಇಟ್ಟುಕೊಂಡವನ ಕೈಗೆ ಬಂದದ್ದೆಷ್ಟು? ಲೆಕ್ಕವನ್ನು ಎಂಟನೆಯ ತರಗತಿಯವರೇ ಮಾಡಲಿ.

ಹಾಗಾದರೆ ಯಂತ್ರ ಕೆಟ್ಟದಾಗಿತ್ತೇ? ಇಲ್ಲ. ಎಲ್‌ಟಿಇ ಎಂಬ ಇನ್ನೊಂದು ಪದ್ಧತಿ ಬಂತು, ಅಷ್ಟೆ. ಹಳೆಯ ಮೊಬೈಲ್ ಜಾಲಗಳ ಮುಂದುವರಿಕೆಯಾದ್ದರಿಂದ ಹೆಚ್ಚಿನ ಕಂಪೆನಿಗಳು ಅದನ್ನೇ ಆರಿಸಿಕೊಂಡವು. ಬಳಸುವವರು ಹೆಚ್ಚಿದಂತೆ ಅದರ ಫೋನು, ಚಿಪ್ಪುಗಳು ಅಗ್ಗವಾದವು. 2011ರಲ್ಲಿ ಕ್ಲಿಯರ್‌ವೈರೇ ಎಲ್‌ಟಿಇ ಹಾಕುವುದಾಗಿ ಹೇಳಿತು. 2016ರಲ್ಲಿ ಸ್ಪ್ರಿಂಟ್ ತನ್ನ ವೈಮ್ಯಾಕ್ಸ್ ಜಾಲವನ್ನು ಮುಚ್ಚಿತು.

ಜಾಲದ ಕಂಪೆನಿ ಬೇಡ, ಅದಕ್ಕೆ ಬಿಡಿಭಾಗ ಒದಗಿಸುವವರ ಷೇರು ಕೊಳ್ಳೋಣ ಎನ್ನುವ ಜಾಣರೂ ಇದ್ದಾರೆ. ಅಡಿಕೆಯ ಧಾರಣೆ ಬಿದ್ದರೂ ಸಸಿ ಮಾರಿದವನ ಹಣ ಅವನ ಕೈಸೇರಿರುತ್ತದೆ ಎಂಬುದು ಅವರ ತರ್ಕ. ಆದರೆ ಊರಿನವರೆಲ್ಲ ರಬ್ಬರಿಗೆ ತಿರುಗಿದರೆ ಅಡಿಕೆಯ ಸಸಿಗಳು ಅವನ ಅಂಗಳದಲ್ಲೇ ಉಳಿದಾವು! ಫ್ರಾನ್ಸಿನ ಸೀಕ್ವಾನ್ಸ್‌ಗೆ ಹೀಗೇ ಆಯಿತು. 2010ರಲ್ಲಿ ಬಂದ ಎಚ್‌ಟಿಸಿ ಕಂಪೆನಿಯ ವೈಮ್ಯಾಕ್ಸ್ ಫೋನಿನಲ್ಲಿ ಇದ್ದುದು ಅದರ ಚಿಪ್ಪು. ಎಚ್‌ಟಿಸಿಯೇ ಅದರ ಮುಖ್ಯ ಗಿರಾಕಿ. 2011ರಲ್ಲಿ 10 ಡಾಲರಿಗೆ ಮಾರಾಟವಾದ ಅದರ ಷೇರು ಎರಡು ವರ್ಷಗಳೊಳಗೆ ಅರ್ಧಕ್ಕಿಂತ ಕೆಳಗಿಳಿಯಿತು. ಮುಖ್ಯ ಗಿರಾಕಿ ಯಾರೆಂಬುದು ಕಂಪೆನಿಯ ವಿವರಪತ್ರದಲ್ಲೇ ಇರುತ್ತದೆ, ಓದುವವರು ಕಡಿಮೆ.

ಇದೇ ಚಿಪ್ಪಿನ ವ್ಯಾಪಾರದಲ್ಲಿ ಬೀಸೀಮ್ ಎಂಬ ಇನ್ನೊಂದು ಕಂಪೆನಿಯಿತ್ತು. ಅದನ್ನು ಸ್ಥಾಪಿಸಿದ ಆರೋಗ್ಯಸ್ವಾಮಿ ಪಾಲ್‌ರಾಜ್ ಅವರು ಹಿಂದೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಕೆಲಸ ಮಾಡಿದವರು. ಹಲವು ಆಂಟೆನಾಗಳಿಂದ ಏಕಕಾಲಕ್ಕೆ ಬೇರೆಬೇರೆ ಮಾಹಿತಿ ಕಳಿಸುವ ವಿಧಾನಕ್ಕೆ ದಾರಿ ತೋರಿದವರಲ್ಲಿ ಪ್ರಮುಖರು. ಆ ವಿಧಾನ ವೈಮ್ಯಾಕ್ಸಿಗೂ ಬೇಕು, ಎಲ್‌ಟಿಇಗೂ ಬೇಕು. ಬೀಸೀಮ್ ಎರಡರಲ್ಲೂ ನಡೆಯುವ ಚಿಪ್ಪನ್ನು ರೂಪಿಸಿತು. 2010ರಲ್ಲಿ ಬ್ರಾಡ್‌ಕಾಮ್ ಕಂಪೆನಿ ಸುಮಾರು 31 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡುಕೊಂಡಿತು.