ವೈನ್ ತಯಾರಿಕೆಯಲ್ಲಿ ಯೀಸ್ಟಿಗೆ ಪೋಷಕಾಂಶ: ಸಾಮಾನ್ಯ ತಪ್ಪುಗಳು ಮತ್ತು ಪರಿಹಾರ

ನಮ್ಮ ರಾಜ್ಯದಲ್ಲಿ ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮೊದಲಾದ ಜಿಲ್ಲೆಗಳಲ್ಲಿ ದ್ರಾಕ್ಷಿ ಒಂದು ಮುಖ್ಯ ಬೆಳೆ. 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಜಾರಿಗೆ ಬಂದ ಮೇಲೆ, ಪರವಾನಗಿ ಪಡೆದು ಸಣ್ಣ ಪ್ರಮಾಣದಲ್ಲಿ ವೈನ್ ತಯಾರಿಸಲು ಬೆಳೆಗಾರರಿಗೂ ದಾರಿಯಾಗಿದೆ. ಹಣ್ಣು ಚೆನ್ನಾಗಿದ್ದರೂ ಹುದುಗುವಿಕೆ ಅರ್ಧಕ್ಕೆ ನಿಂತು ಇಡೀ ತೊಟ್ಟಿಯ ರಸ ಕೆಡುವುದುಂಟು. ಇದಕ್ಕೆ ಯೀಸ್ಟಿನ ಪೋಷಣೆಯಲ್ಲಿ ಆಗುವ ತಪ್ಪುಗಳೇ ಅನೇಕ ವೇಳೆ ಕಾರಣ. ಅವುಗಳಲ್ಲಿ ಕೆಲವು ಕುಡಿಯುವವರ ಆರೋಗ್ಯಕ್ಕೂ ಹಾನಿಕರ.

ಯೀಸ್ಟಿಗೆ ಪೋಷಕಾಂಶ ಏಕೆ ಬೇಕು?

ಯೀಸ್ಟ್ ಒಂದು ಸೂಕ್ಷ್ಮಜೀವಿ. ಸಕ್ಕರೆಯಿಂದ ಅದಕ್ಕೆ ಶಕ್ತಿ ದೊರೆಯುತ್ತದೆ. ಆದರೆ ಮೈ ಬೆಳೆಯಲು ಸಾರಜನಕ, ರಂಜಕ ಮತ್ತು ಜೀವಸತ್ವಗಳು ಬೇಕು. ಬಾರ್ಲಿ ಮೊಳಕೆಯಿಂದ ತೆಗೆದ ಬಿಯರ್ ರಸದಲ್ಲಿ ಇವು ಸಾಮಾನ್ಯವಾಗಿ ಸಾಕಷ್ಟಿರುತ್ತವೆ. ಗಡುಸು ಬಿಯರ್ ಮಾಡಲು ಬರಿಯ ಸಕ್ಕರೆಯನ್ನೇ ಹೆಚ್ಚು ಬೆರೆಸಿದಾಗ ಅಲ್ಲಿಯೂ ಕೊರತೆ ಬೀಳುತ್ತದೆ. ದ್ರಾಕ್ಷಿ ರಸದಲ್ಲಿ ಸಾರಜನಕದ ಪ್ರಮಾಣ ತೋಟದಿಂದ ತೋಟಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಲೀಟರ್ ರಸದಲ್ಲಿ ಯೀಸ್ಟಿಗೆ ಒದಗುವ ಸಾರಜನಕ ಕನಿಷ್ಠ 150 ಮಿಲಿಗ್ರಾಂ ಇರಬೇಕು. ಸಕ್ಕರೆ 24 ಬ್ರಿಕ್ಸ್ ಮುಟ್ಟಿದಾಗ 200ರಿಂದ 250 ಮಿ.ಗ್ರಾಂ ಇದ್ದರೆ ಒಳ್ಳೆಯದು. ವೈನ್ ಗಡುಸಾದಷ್ಟೂ ಯೀಸ್ಟಿನ ಮೇಲಿನ ಹೊರೆ ಹೆಚ್ಚು.

ತಪ್ಪು 1: ಹೊಲದ ಗೊಬ್ಬರವನ್ನು ರಸಕ್ಕೆ ಹಾಕುವುದು

ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ವೈನ್ ತಯಾರಿಕೆಯಲ್ಲಿಯೂ ಡಿ.ಎ.ಪಿ. ಬಳಸುತ್ತಾರೆಂಬ ಮಾತು ಕೇಳಿ, ಮನೆಯಲ್ಲಿರುವ ಗೊಬ್ಬರದ ಚೀಲಕ್ಕೆ ಕೈ ಹಾಕಬಾರದು. ಹೊಲದ ಡಿ.ಎ.ಪಿ.ಯನ್ನು ಶಿಲಾರಂಜಕದಿಂದ ತಯಾರಿಸುತ್ತಾರೆ. ಅದರಲ್ಲಿ ಕ್ಯಾಡ್ಮಿಯಂ, ಫ್ಲೋರೈಡ್ ಮುಂತಾದ ಕಲ್ಮಶಗಳು ಉಳಿದಿರುತ್ತವೆ. ಆಹಾರ ದರ್ಜೆಯದೆಂದು ಪೊಟ್ಟಣದ ಮೇಲೆ ನಮೂದಿಸಿದ ಡಿ.ಎ.ಪಿ.ಯನ್ನೇ ಕೊಳ್ಳಬೇಕು.

ಯೂರಿಯಾವನ್ನಂತೂ ಸರ್ವಥಾ ಹಾಕಕೂಡದು. ಯೂರಿಯಾ ಮದ್ಯಸಾರದೊಡನೆ ಸೇರಿ ಈಥೈಲ್ ಕಾರ್ಬಮೇಟ್ ಎಂಬ ವಸ್ತುವಾಗುತ್ತದೆ. ಇದು ಕ್ಯಾನ್ಸರ್ ಉಂಟುಮಾಡಬಲ್ಲದೆಂದು ಶಂಕಿಸಲಾದ ವಸ್ತು. 1985ರಲ್ಲಿ ಕೆನಡಾ ದೇಶವು ವೈನಿನಲ್ಲಿ ಇದಕ್ಕೆ ಮಿತಿ ಗೊತ್ತುಪಡಿಸಿತು.

ತಪ್ಪು 2: ಯೀಸ್ಟ್ ನೆನೆಸುವ ನೀರಿಗೇ ಡಿ.ಎ.ಪಿ. ಬೆರೆಸುವುದು

ಒಣ ಯೀಸ್ಟನ್ನು ಅದರ ಹತ್ತರಷ್ಟು ತೂಕದ, 35ರಿಂದ 40 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಶುದ್ಧ ನೀರಿನಲ್ಲಿ ಸುಮಾರು 20 ನಿಮಿಷ ನೆನೆಸಬೇಕು. ಆಗ ಅದರ ಕೋಶಗಳು ಎಳೆಯ ಸಸಿಯಂತೆ ಸೂಕ್ಷ್ಮವಾಗಿರುತ್ತವೆ. ಆ ನೀರಿಗೆ ಡಿ.ಎ.ಪಿ. ಸೇರಿಸಿದರೆ ಕೋಶಗಳು ಸಾಯುತ್ತವೆ. ನೆನೆದ ಯೀಸ್ಟಿಗೂ ರಸಕ್ಕೂ ಉಷ್ಣತೆಯಲ್ಲಿ 10 ಡಿಗ್ರಿಗಿಂತ ಹೆಚ್ಚು ಅಂತರವಿರಬಾರದು. 100 ಲೀಟರ್ ರಸಕ್ಕೆ 20ರಿಂದ 25 ಗ್ರಾಂ ಯೀಸ್ಟ್ ಸಾಕು.

ತಪ್ಪು 3: ಒಂದೇ ಸಲ ಎಲ್ಲವನ್ನೂ ಸುರಿಯುವುದು

ಬೆಳೆಗೆ ಸಾರಜನಕವನ್ನು ಕಂತುಗಳಲ್ಲಿ ಕೊಡುವುದು ರೈತರಿಗೆ ಗೊತ್ತಿರುವ ವಿಷಯ. ಇಲ್ಲಿಯೂ ಅದೇ ಕ್ರಮ. ಮೊದಲ ಕಂತನ್ನು ಹುದುಗುವಿಕೆ ಸ್ಪಷ್ಟವಾಗಿ ಆರಂಭವಾದ ಮೇಲೆ, ಅಂದರೆ ಸುಮಾರು ಒಂದು ದಿನದ ನಂತರ ಕೊಡಬೇಕು. ಎರಡನೆಯದನ್ನು ಮೂರರಲ್ಲೊಂದು ಪಾಲು ಸಕ್ಕರೆ ಕರಗಿದಾಗ ಕೊಡಬೇಕು. ಎಲ್ಲವನ್ನೂ ಮೊದಲೇ ಹಾಕಿದರೆ ಯೀಸ್ಟ್ ಒಮ್ಮೆಲೇ ಹೆಚ್ಚಿ, ರಸ ಕಾದು, ಕೊನೆಗೆ ಶಕ್ತಿ ಕುಂದುತ್ತದೆ. ರಸದ ಉಷ್ಣತೆ 35 ಡಿಗ್ರಿ ದಾಟಿದರೆ ಹುದುಗುವಿಕೆ ನಿಂತೇಹೋಗಬಹುದು. ಪುಡಿಯನ್ನು ನೇರವಾಗಿ ಎರಚದೆ, ಸ್ವಲ್ಪ ರಸದಲ್ಲಿ ಕರಗಿಸಿ ನಿಧಾನವಾಗಿ ಬೆರೆಸಿರಿ. ಇಲ್ಲವಾದರೆ ನೊರೆ ಉಕ್ಕಿ ಹೊರಚೆಲ್ಲುತ್ತದೆ.

ತಪ್ಪು 4: ತಡವಾಗಿ ಕೊಡುವುದು

ಸಾರಜನಕ ಸಾಲದಿದ್ದರೆ ತೊಟ್ಟಿಯಿಂದ ಕೊಳೆತ ಮೊಟ್ಟೆಯ ವಾಸನೆ ಬರುವುದುಂಟು. ಹುದುಗುವಿಕೆಯ ಮೊದಲರ್ಧದಲ್ಲಿ ಈ ವಾಸನೆ ಬಂದರೆ ಪೋಷಕಾಂಶ ಕೊಟ್ಟು, ರಸಕ್ಕೆ ಗಾಳಿಯಾಡಿಸಿದಲ್ಲಿ ಸರಿಹೋಗುತ್ತದೆ. ಮದ್ಯಸಾರ ಶೇಕಡ 9-10 ಮುಟ್ಟಿದ ಮೇಲೆ ಡಿ.ಎ.ಪಿ.ಯಲ್ಲಿರುವ ಸಾರಜನಕವನ್ನು ಯೀಸ್ಟ್ ಹೀರಲಾರದು. ಆಗ ಹಾಕಿದ ಡಿ.ಎ.ಪಿ. ಹಾಗೆಯೇ ಉಳಿದು, ವೈನ್ ಕೆಡಿಸುವ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ.

ತಪ್ಪು 5: ಪರೀಕ್ಷಿಸದೆ ಅಂದಾಜಿನಲ್ಲಿ ಹಾಕುವುದು

ಮಣ್ಣು ಪರೀಕ್ಷೆಯಂತೆ ರಸ ಪರೀಕ್ಷೆಯೂ ಅವಶ್ಯ. ಪ್ರಯೋಗಶಾಲೆಯಲ್ಲಿ ಫಾರ್ಮಾಲ್ ವಿಧಾನದಿಂದ ರಸದ ಸಾರಜನಕವನ್ನು ಅಳೆಯಬಹುದು. ಒಂದು ಉದಾಹರಣೆ: 100 ಲೀಟರ್ ರಸವಿದೆ. ಲೀಟರಿಗೆ 120 ಮಿ.ಗ್ರಾಂ ಸಾರಜನಕ ಇದೆ. ಬೇಕಾದುದು 200 ಮಿ.ಗ್ರಾಂ. ಕೊರತೆ ಲೀಟರಿಗೆ 80 ಮಿ.ಗ್ರಾಂ, ಅಂದರೆ ಒಟ್ಟು 8 ಗ್ರಾಂ ಸಾರಜನಕ. ಆಹಾರ ದರ್ಜೆಯ ಡಿ.ಎ.ಪಿ.ಯಲ್ಲಿ ಶೇಕಡ 21ರಷ್ಟು ಸಾರಜನಕ ಇರುವುದರಿಂದ ಸುಮಾರು 38 ಗ್ರಾಂ ಡಿ.ಎ.ಪಿ. ಬೇಕಾಗುತ್ತದೆ. ಇದನ್ನು 19 ಗ್ರಾಂನಂತೆ ಎರಡು ಕಂತುಗಳಲ್ಲಿ ಕೊಡಬೇಕು. ಕೊರತೆ ಎಷ್ಟೇ ಇರಲಿ, ಒಟ್ಟು ಡಿ.ಎ.ಪಿ. ಲೀಟರಿಗೆ 1 ಗ್ರಾಂ ಮೀರಬಾರದು.

ಡಿ.ಎ.ಪಿ.ಯಲ್ಲಿ ಜೀವಸತ್ವಗಳಿಲ್ಲ ಎಂಬುದನ್ನೂ ಮರೆಯಬಾರದು. ರಸಕ್ಕೆ ಬಳಸುವ ಗಂಧಕದ ಸಂರಕ್ಷಕವು ಥಯಾಮಿನ್ ಜೀವಸತ್ವವನ್ನು ನಾಶಮಾಡುತ್ತದೆ. ಬೂಷ್ಟು ಹಿಡಿದ ಹಣ್ಣಿನ ರಸದಲ್ಲಿಯೂ ಇದು ಕಡಿಮೆ. ಅಂತಹ ರಸಕ್ಕೆ ಥಯಾಮಿನ್ ಒಳಗೊಂಡ ಯೀಸ್ಟ್ ಪೋಷಕಾಂಶ ಮಿಶ್ರಣ ಸೂಕ್ತ.

ನೆನಪಿಡಿ

1. ಹೊಲದ ಗೊಬ್ಬರ ಹೊಲಕ್ಕೇ ಇರಲಿ. ರಸಕ್ಕೆ ಆಹಾರ ದರ್ಜೆಯದೇ ಆಗಬೇಕು.
2. ಯೂರಿಯಾ ಬೇಡವೇ ಬೇಡ.
3. ರಸ ಪರೀಕ್ಷಿಸಿ, ತೂಕ ಮಾಡಿ, ಎರಡು ಕಂತುಗಳಲ್ಲಿ ಕೊಡಿ.
4. ಅರ್ಧ ಸಕ್ಕರೆ ಕರಗಿದ ಮೇಲೆ ಡಿ.ಎ.ಪಿ. ಹಾಕಬೇಡಿ.
5. ಪ್ರತಿದಿನ ಬ್ರಿಕ್ಸ್ ಮತ್ತು ಉಷ್ಣತೆ ಬರೆದಿಡಿ.
6. ಪರವಾನಗಿ ಇಲ್ಲದೆ ವೈನ್ ಅಥವಾ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಅಬಕಾರಿ ಇಲಾಖೆಯ ಪರವಾನಗಿ ಪಡೆದ ಮೇಲೆಯೇ ಈ ಉದ್ಯಮಕ್ಕೆ ಕೈ ಹಾಕಿರಿ.