ರಕ್ತಶೋಧನೆಯ ಪೊರೆಯೂ ಕಾಮಾಲೆಯ ವೈರಸ್ಸೂ

ಮೂತ್ರಪಿಂಡಗಳು ಕೆಲಸವನ್ನು ನಿಲ್ಲಿಸಿದಾಗ ರಕ್ತವನ್ನು ದೇಹದಿಂದ ಹೊರತಂದು, ಶೋಧಿಸಿ, ಮರಳಿ ಒಳಗೆ ಬಿಡುವ ಕ್ರಮಕ್ಕೆ ಡಯಾಲಿಸಿಸ್ ಎಂದು ಹೆಸರು. ಹಾಲೆಂಡಿನ ವೈದ್ಯ ಕಾಲ್ಫ್ 1943ರಲ್ಲಿ ಸೆಲೊಫೇನ್ ಕೊಳವೆಯನ್ನು ಸುತ್ತಿ ರಚಿಸಿದ ಯಂತ್ರದ ಸಂತತಿಯು ಇಂದು ನಮ್ಮ ಜಿಲ್ಲಾ ಆಸ್ಪತ್ರೆಗಳಿಗೂ ಹಲವು ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆಗಳಲ್ಲಿ ಇದರ ಆಸರೆಯಿಂದ ಬದುಕುವವರು ವಾರಕ್ಕೆ ಎರಡು ಮೂರು ಸಲ, ಪ್ರತಿಸಲವೂ ಸುಮಾರು ನಾಲ್ಕು ಗಂಟೆಗಳ ಕಾಲ ಯಂತ್ರದ ಪಕ್ಕದಲ್ಲಿ ಮಲಗಬೇಕಾಗುವುದು. ಒಬ್ಬರಿಗೆ ಬಳಸಿದ ಯಂತ್ರವನ್ನು ಇನ್ನೊಬ್ಬರಿಗೆ ಹಚ್ಚಿದರೆ ಕಾಮಾಲೆ ಅಂಟದೆ? ಮನೆಯವರ ಈ ಶಂಕೆ ಸಹಜವಾದುದು; ಅದನ್ನು ವಿಚಾರಿಸೋಣ.

ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಜರಡಿ ಹಿಡಿದರೆ ನಯವಾದ ಪುಡಿ ಇಳಿದು ಬೀಜ ಮೇಲುಳಿಯುವುದಷ್ಟೆ. ಡಯಾಲಿಸಿಸ್ಸಿನ ಪೊರೆಯೂ ಅಂತಹದೇ. (ಇಲ್ಲಿ ಯೂರಿಯವನ್ನು ದಾಟಿಸುವುದು ಮುಖ್ಯವಾಗಿ ವಿಸರಣ, ಜರಡಿಯ ಹೋಲಿಕೆ ಗಾತ್ರಕ್ಕೆ ಮಾತ್ರ ಸಲ್ಲುವುದು.) ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎನ್ನುವರು. ಪೊರೆಯ ರಂಧ್ರಗಳು 10 ನ್ಯಾನೋಮೀಟರಿನೊಳಗಿನವು. ಯೂರಿಯದ ಅಣು ಒಂದಕ್ಕಿಂತಲೂ ಸಣ್ಣದು. ಹೆಪಟೈಟಿಸ್ ಬಿ ವೈರಸ್ಸು 42, ಸಿ ವೈರಸ್ಸು ಸುಮಾರು 50. ಆದುದರಿಂದ ಹರಿಯದ ಪೊರೆಯನ್ನು ವೈರಸ್ಸು ದಾಟಲಾರದು.

ಹಾಗಿದ್ದರೂ ಸೋಂಕು ಹರಡಿರುವುದುಂಟು. ಎಡಿನ್‌ಬರೋ ನಗರದ ಡಯಾಲಿಸಿಸ್ ವಿಭಾಗದಲ್ಲಿ 1969-70ರಲ್ಲಿ ಹೆಪಟೈಟಿಸ್ ಬಿ ತಲೆದೋರಿ ರೋಗಿಗಳೊಡನೆ ಸಿಬ್ಬಂದಿಯೂ ಮಡಿದರು. ಲೆಕ್ಕ ಹಾಕಿ ನೋಡಿ: ಸೋಂಕು ತೀವ್ರವಾಗಿದ್ದಾಗ ಒಂದು ಮಿಲಿಲೀಟರ್ ರಕ್ತದಲ್ಲಿ 10 ಕೋಟಿ ವೈರಸ್ಸುಗಳಿರಬಹುದು. ಅದರ ಲಕ್ಷದಲ್ಲೊಂದು ಭಾಗದಷ್ಟು ಹನಿ ಕುರ್ಚಿಯ ತೋಳಿಗೆ ಸಿಡಿದರೆ ಯಾರ ಗಮನಕ್ಕೂ ಬಾರದು. ಆದರೂ ಅದರಲ್ಲಿ ಸಾವಿರವಿರುವುವು. ಒಣಗಿದ ಮೇಲೂ ಅವು ಏಳು ದಿನ ಸೋಂಕುಶಕ್ತಿಯನ್ನು ಉಳಿಸಿಕೊಳ್ಳಬಲ್ಲವು. ಬದಲಿಸದ ಕೈಗವಸು, ಒರೆಸದ ಗುಂಡಿ, ಹಲವರಿಗೆ ಬಳಸಿದ ಒಂದೇ ಹೆಪಾರಿನ್ ಸೀಸೆ: ದಾರಿಗಳು ಇವೇ. ಯಂತ್ರಕ್ಕೆ ಹೆದರುವವರು ಈ ಕೈಗವಸನ್ನು ಗಮನಿಸುವುದು ಲೇಸೆಂದು ನಮ್ಮ ಅಭಿಪ್ರಾಯ.

ಬಿ ಸೋಂಕಿನವರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಯಂತ್ರಗಳಿರಬೇಕೆಂದು ಅಮೆರಿಕದಲ್ಲಿ 1977ರಲ್ಲಿ ವಿಧಿಸಿದ ಬಳಿಕ, ಲಸಿಕೆ ಬಳಕೆಗೆ ಬರುವ ಮೊದಲೇ, ಅಲ್ಲಿ ಹೊಸ ಸೋಂಕುಗಳು ಇಳಿಯತೊಡಗಿದವು. ಈಗ ಲಸಿಕೆಯಿದೆ. ಆದರೆ ಮೂತ್ರಪಿಂಡ ಕೆಟ್ಟವರ ದೇಹ ಅದಕ್ಕೆ ಮಂದವಾಗಿ ಸ್ಪಂದಿಸುವುದರಿಂದ ಇಮ್ಮಡಿ ಪ್ರಮಾಣವನ್ನು ಕೊಡುವರು; ಕಡೆಯ ಚುಚ್ಚುಮದ್ದಿನ ತಿಂಗಳೆರಡು ತಿಂಗಳಲ್ಲಿ ರಕ್ತವನ್ನು ಪರೀಕ್ಷಿಸಿ ರಕ್ಷಣೆ ಬಂದಿತೇ ಎಂಬುದನ್ನೂ ನೋಡಬೇಕು. ಡಯಾಲಿಸಿಸ್ ಆರಂಭವಾಗುವ ಮುನ್ನವೇ ಲಸಿಕೆ ಮುಗಿದಿದ್ದರೆ ಉತ್ತಮ.

ಸಿ ವೈರಸ್ಸಿಗೆ ಲಸಿಕೆಯಿಲ್ಲ. ಕಣ್ಣು ಹಳದಿಯಾಗದೆಯೇ ಅದು ವರ್ಷಗಟ್ಟಲೆ ಯಕೃತ್ತಿನಲ್ಲಿ ಅಡಗಿರಬಲ್ಲುದಾದುದರಿಂದ ಆಗಾಗ್ಗೆ ರಕ್ತಪರೀಕ್ಷೆಯೇ ಅದನ್ನು ಹಿಡಿಯುವ ಉಪಾಯ. ಸಿಕ್ಕಿತೆಂದರೆ ಎದೆಗುಂದಬೇಕಾಗಿಲ್ಲ: ಸಾಮಾನ್ಯವಾಗಿ ಹನ್ನೆರಡು ವಾರಗಳ ಮಾತ್ರೆಗಳಿಂದ ಹೆಚ್ಚಿನವರಲ್ಲಿ ಅದು ನಿರ್ಮೂಲವಾಗುವುದು, 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸುವ ಏರ್ಪಾಡಿದೆ.