ಬಾವಿಯ ದಾರಿ

ಅಕ್ಕಂದಿರೇ, ಇವತ್ತು ನಮ್ಮ ಶಾಲೆಯಲ್ಲಿ ನಡೆದ ಒಂದು ಸಂಗತಿ ಓದೋಣ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬ ಅಕ್ಕ ಇದ್ದಾರೆ. ಸಂಜೆ ನಿಮ್ಮ ಹಾಗೆಯೇ ಅಕ್ಷರ ಕಲಿಯಲು ಬರುತ್ತಾರೆ. ಅವರ ಮಗಳು ನಾಲ್ಕನೇ ತರಗತಿ. ಒಂದು ದಿನ ಮಗಳು ಕೇಳಿದಳು:

"ಅವ್ವಾ, ಸಣ್ಣಾಕಿ ಇದ್ದಾಗ ನೀ ಯಾಕ ಸಾಲಿಗೆ ಹೋಗಲಿಲ್ಲ?"

ಅಕ್ಕ ಮಾತಾಡಲಿಲ್ಲ. ಸಾರಿನಲ್ಲಿ ಸೌಟು ಆಡಿಸುತ್ತಾ ನಿಂತರು.

ಮರುದಿನ ತರಗತಿಯಲ್ಲಿ ನೀರಿನ ಪಾಠ ಇತ್ತು. ಪಠ್ಯಪುಸ್ತಕದಲ್ಲಿ ಕಪ್ಪು-ಬಿಳಿ ಚೌಕದ ಗುರುತು ಇರುತ್ತದೆ. ನೀವೂ ನೋಡಿರಬಹುದು. ಅದಕ್ಕೆ ಕ್ಯೂಆರ್ ಕೋಡ್ ಎನ್ನುತ್ತಾರೆ. ಫೋನಿನಲ್ಲಿ 'ದೀಕ್ಷಾ' ಆ್ಯಪ್ ತೆರೆದು ಆ ಗುರುತಿಗೆ ಹಿಡಿದರೆ, ಪಾಠಕ್ಕೆ ಸಂಬಂಧಿಸಿದ ವಿಡಿಯೋ ಸಿಗುತ್ತದೆ. ಕೇಂದ್ರ ಸರ್ಕಾರ ಇದನ್ನು 2017ರಲ್ಲಿ ಶುರು ಮಾಡಿತು. ದುಡ್ಡು ಕೊಡಬೇಕಿಲ್ಲ. ಇಂಟರ್ನೆಟ್ ಇದ್ದರೆ ಸಾಕು.

ಮಕ್ಕಳು ವಿಡಿಯೋ ನೋಡಿದರು. ಒಬ್ಬ ಹುಡುಗ ಕೇಳಿದ: "ಅಕ್ಕೋರ, ನಮ್ಮೂರ ಬಾವಿ ಇದರಾಗ ಇಲ್ಲೇನ್ರಿ?"

ಇರಲಿಲ್ಲ. ನಮ್ಮೂರ ಕಥೆಯನ್ನು ನಮ್ಮೂರವರೇ ಹೇಳಬೇಕಲ್ಲವೇ? ನಾನು ಅಡುಗೆಮನೆಗೆ ಹೋದೆ.

"ಅಕ್ಕಾ, ನೀವು ನೀರು ತರುತ್ತಿದ್ದ ಕಥಿ ಮಕ್ಕಳಿಗೆ ಹೇಳ್ರಿ."

"ನನಗೇನ್ ಬರ್ತೈತ್ರಿ ಅಕ್ಕೋರ? ನಾ ಸಾಲಿ ಕಲ್ತಾಕಿ ಅಲ್ಲ."

"ಕಥಿ ಹೇಳಾಕ ಸಾಲಿ ಕಲೀಬೇಕೇನ್ರಿ?"

ಅಕ್ಕ ನಕ್ಕರು. ಕೈ ಒರೆಸಿಕೊಂಡು ಬಂದು ಹೇಳಿದರು.

ಎಂಟು ವರ್ಷದ ಹುಡುಗಿ. ತಲೆಯ ಮೇಲೆ ಕೊಡ. ಬೇಸಿಗೆ ಬಂದರೆ ಊರ ಬಾವಿ ಬತ್ತುತ್ತಿತ್ತು. ದೂರದ ಹೊಲದ ಬಾವಿಗೆ ದಿನಕ್ಕೆ ನಾಲ್ಕು ಸಲ ಹೋಗಬೇಕು. ದಾರಿಯಲ್ಲೇ ಶಾಲೆ. ಒಳಗೆ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ಹುಡುಗಿ ನಡೆಯುತ್ತ ನಡೆಯುತ್ತಲೇ ಮಗ್ಗಿ ಕಲಿತಳು. ಅಕ್ಷರ ಮಾತ್ರ ಕಲಿಯಲಿಲ್ಲ.

ಈ ಕಥೆಯನ್ನು ನಾವು ಹೀಗೆ ಫೋನಿನಲ್ಲಿ ಮಾಡಿದೆವು:

1. ಕಥೆಯನ್ನು ಆರು ಭಾಗ ಮಾಡಿದೆವು.
2. ಮಕ್ಕಳು ಒಂದೊಂದು ಭಾಗಕ್ಕೆ ಒಂದೊಂದು ಚಿತ್ರ ಬರೆದರು.
3. ಚಿತ್ರಗಳ ಫೋಟೋ ತೆಗೆದೆವು.
4. ಅಕ್ಕನ ಧ್ವನಿ ರೆಕಾರ್ಡ್ ಮಾಡಿದೆವು.
5. ವಿಡಿಯೋ ಮಾಡುವ ಆ್ಯಪಿನಲ್ಲಿ ಚಿತ್ರ ಮತ್ತು ಧ್ವನಿ ಜೋಡಿಸಿದೆವು.

ಇದಕ್ಕೆ ಡಿಜಿಟಲ್ ಕಥೆ ಎನ್ನುತ್ತಾರೆ. ಕೊನೆಗೆ 'ಕಥೆ ಹೇಳಿದವರು' ಎಂದು ಒಂದು ಹಾಳೆ ಇಟ್ಟೆವು. ಅದರಲ್ಲಿ ಅಕ್ಕ ತಮ್ಮ ಹೆಸರನ್ನು ತಾವೇ ಬರೆದರು.

ಮಕ್ಕಳು ಐದೈದು ಮಂದಿ ಕೂತು ನೋಡಿದರು. ಮಗಳು ಮೊದಲು ಸುಮ್ಮನಿದ್ದಳು. ಹೆಸರು ಬಂದಾಗ ಎದ್ದು ನಿಂತಳು. "ಆ ಹುಡುಗಿ ನಮ್ಮವ್ವ!" ಎಂದಳು. ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಅಕ್ಕಂದಿರೇ, ಬೇರೆಯವರ ಕಥೆಗಳೂ ನಮಗೆ ಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ 'ಸ್ಟೋರಿವೀವರ್' ಶುರು ಮಾಡಿತು. ಅದರಲ್ಲಿ ಮಕ್ಕಳ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಕನ್ನಡದ ಕಥೆಗಳೂ ಇವೆ. ಅವನ್ನು ಓದಬಹುದು, ಹಂಚಬಹುದು, ಬೇರೆ ಭಾಷೆಗೆ ತಿರುಗಿಸಬಹುದು. ಆದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಲೇಬೇಕು. ಉಚಿತ ಎಂದರೆ ವಾರಸುದಾರರಿಲ್ಲ ಎಂದಲ್ಲ.

ಒಂದು ಎಚ್ಚರಿಕೆ. ಯಾರದೇ ಧ್ವನಿ, ಫೋಟೋ ತೆಗೆಯುವ ಮೊದಲು ಅವರನ್ನು ಕೇಳಿ. ಮಕ್ಕಳದ್ದಾದರೆ ತಂದೆ-ತಾಯಿಯನ್ನೂ ಕೇಳಿ. ನಿಮ್ಮನ್ನು ಕೇಳದೆ ಯಾರಾದರೂ ತೆಗೆದರೆ, "ಬ್ಯಾಡ್ರಿ" ಎನ್ನಿ. ಅದು ನಿಮ್ಮ ಹಕ್ಕು.

ಓದಿ, ಬರೆಯಿರಿ: ಬಾವಿ, ಕೊಡ, ಮಗ್ಗಿ, ಧ್ವನಿ, ಹಕ್ಕು.

ಮಾತಾಡಿ: ನಿಮ್ಮ ಬಾಲ್ಯದ ಯಾವ ಕಥೆ ಮಕ್ಕಳಿಗೆ ಗೊತ್ತಿಲ್ಲ?

ಮಾಡಿ: ಆ ಕಥೆಯನ್ನು ಇವತ್ತು ರಾತ್ರಿ ಮನೆಯಲ್ಲಿ ಹೇಳಿ. ನಾಳೆ ಅದರ ಮೊದಲ ಸಾಲನ್ನು ಬರೆದುಕೊಂಡು ಬನ್ನಿ. ಕೆಳಗೆ ನಿಮ್ಮ ಹೆಸರು ಬರೆಯುವುದನ್ನು ಮರೆಯಬೇಡಿ.